ಮೂರನೇ ಸಲದ ಬೆರಳಚ್ಚು

ಸೆಪ್ಟೆಂಬರ್ 12, 2018, ಬುಧವಾರ

ಲೈಸೆನ್ಸ್ ಕಚೇರಿಯ ಮಿಸೆಸ್ ಥಿಬೋ ಇವತ್ತು ಬಂದಿದ್ದರು. ಮಕ್ಕಳು ಮಲಗಿರುವ ಹೊತ್ತನ್ನೇ ನೋಡಿಕೊಂಡು ಬರುತ್ತಾರೆ. ಹೊಗೆ ಬಂದರೆ ಕೂಗುವ ಗಂಟೆ, ಔಷಧದ ಕಪಾಟಿನ ಬೀಗ, ಮೆಟ್ಟಿಲ ಗೇಟು, ಎಲ್ಲವನ್ನೂ ಮುಟ್ಟಿ ನೋಡಿದರು. ಹತ್ತೊಂಬತ್ತು ವರ್ಷದಿಂದ ಫಾಲ್ ರಿವರಿನ ಈ ಮನೆಯಲ್ಲಿ ಡೇಕೇರ್ ನಡೆಸುತ್ತಿದ್ದೇನೆ. ಒಂದೇ ಒಂದು ತಪ್ಪನ್ನೂ ಬರೆದುಕೊಂಡು ಹೋದವರಿಲ್ಲ. ಇವತ್ತೂ ಇಲ್ಲ.

ಹೊರಡುವಾಗ ಹೊಸ ನಿಯಮದ ಕಾಗದ ಕೊಟ್ಟರು. ಇನ್ನು ಮುಂದೆ ನನ್ನ ಬೆರಳಚ್ಚು ಒಂದೇ ಸಾಲದು, ಮನೆಯಲ್ಲಿ ವಾಸವಿರುವ ದೊಡ್ಡವರೆಲ್ಲರದೂ ಬೇಕು. ಇಷ್ಟು ದಿನ ನಮ್ಮ ಯಜಮಾನರ ಹೆಸರನ್ನು ನಮ್ಮ ರಾಜ್ಯದ ಅಪರಾಧಿಗಳ ಪಟ್ಟಿಯಲ್ಲಿ ಮಾತ್ರ ಹುಡುಕುತ್ತಿದ್ದರು. ಇನ್ನು ದೇಶದ ಉದ್ದಗಲಕ್ಕೂ ಹುಡುಕುತ್ತಾರಂತೆ.

"ಮನೇಲಿ ಯಾರ್ಯಾರಿದ್ದೀರಿ?" ಎಂದು ಕೇಳಿದರು, ಗೊತ್ತಿದ್ದರೂ.

"ನಾನು, ನಮ್ಮ ಯಜಮಾನ್ರು. ಮೂರನೆಯವರು ಯಾರೂ ಇಲ್ಲ."

"ಹಾಗಾದ್ರೆ ಹತ್ತು ಬೆರಳಿನ ಕೆಲಸ ಅಷ್ಟೆ, ಒಡೀಲಿಯಾ."

ಸಂಜೆ ಇವರಿಗೆ ಹೇಳಿದೆ. ಸೂಪಿಗೆ ಕೇಲ್ ಸೊಪ್ಪು ಹೆಚ್ಚುತ್ತಿದ್ದರು. ಮೂವತ್ಮೂರು ವರ್ಷ ಮೀನು ಕತ್ತರಿಸಿದ ಕೈ, ಸೊಪ್ಪು ಕೂದಲೆಳೆಯ ಹಾಗೆ ಬೀಳುತ್ತದೆ. ಚಾಕು ನಿಲ್ಲಿಸಿ, "ಸಾಕು ಮಾಡಿಬಿಡೋಣ್ವಾ ಒಡೀಲಿಯಾ?" ಎಂದರು. "ನಿನ್ನ ಮೊಣಕಾಲೂ ನೋಯುತ್ತೆ."

"ಮೊಣಕಾಲು ನೋಯುತ್ತೆ ಅಂತ ಯಾರಾದ್ರೂ ಆರು ಮಕ್ಕಳನ್ನ ಬೀದಿಗೆ ಬಿಡ್ತಾರಾ? ನಿಮಗೇನ್ರೀ ಭಯ, ಬೆರಳಿಗೆ ಮಸಿ ಹತ್ತುತ್ತೆ ಅಂತಾನಾ? ಈಗ ಮಸಿ ಇಲ್ಲ. ಗಾಜಿನ ಮೇಲೆ ಬೆರಳಿಟ್ಟರೆ ಮುಗೀತು."

"ನೀನು ಹೇಳಿದ ಮೇಲೆ ಮುಗೀತು," ಎಂದು ನಕ್ಕು ಮತ್ತೆ ಹೆಚ್ಚತೊಡಗಿದರು.

ಅಕ್ಟೋಬರ್ 5, ಶುಕ್ರವಾರ

ಮಧ್ಯಾಹ್ನ ಇಲ್ಡಾಳನ್ನು ಮಕ್ಕಳ ಹತ್ತಿರ ಕೂರಿಸಿ ಇವರನ್ನು ಬೆರಳಚ್ಚಿಗೆ ಕರೆದುಕೊಂಡು ಹೋದೆ. ಇಲ್ಡಾ ಇವರ ಅಕ್ಕ. ಗಂಡ ಹೋದ ಮೇಲೆ ಗುಡ್ಡದ ಮೇಲಿನ ಬೀದಿಯಲ್ಲಿ ಒಬ್ಬಳೇ ಇದ್ದಾಳೆ. ನನಗೆ ಸಹಾಯಕಿ ಎಂದು ಅವಳ ಹೆಸರೂ ಕಚೇರಿಯಲ್ಲಿದೆ, ಅವಳ ಬೆರಳು ಎಂದೋ ಪಾಸಾಗಿದೆ. ಕಾರು ಓಡಿಸಿದವಳು ನಾನೇ. ಇವರಿಗೆ ಕಣ್ಣು ಸಾಲದು, ಮದುವೆಯಾದಾಗಿನಿಂದ ಸ್ಟೀರಿಂಗ್ ಮುಟ್ಟಿದವರಲ್ಲ.

ಅಲ್ಲಿದ್ದ ಹುಡುಗಿ ಇವರ ಬೆರಳುಗಳನ್ನು ಒಂದೊಂದಾಗಿ ಗಾಜಿಗೆ ಒತ್ತಿ ಒತ್ತಿ ಸೋತಳು. "ತಾತಾ, ನಿಮ್ಮ ಬೆರಳಲ್ಲಿ ಗೆರೆನೇ ಇಲ್ವಲ್ಲ!"

ಉಪ್ಪುನೀರು, ಮಂಜುಗಡ್ಡೆ, ಚಾಕು. ಗೆರೆ ಎಲ್ಲಿಂದ ಉಳಿದೀತು? "ಬ್ಯಾಂಕು ದೋಚೋದಕ್ಕೆ ಹೇಳಿ ಮಾಡಿಸಿದ ಕೈ," ಎಂದೆ ನಾನು. ಹುಡುಗಿ ನಕ್ಕಳು. ಇವರು ಕೈಯನ್ನೇ ನೋಡುತ್ತಾ ನಿಂತಿದ್ದರು.

ಅಕ್ಟೋಬರ್ 19, ಶುಕ್ರವಾರ

ವಾಪಸು ಬಂತು. ಅಚ್ಚು ಓದಲು ಬರುವುದಿಲ್ಲವಂತೆ. ಮತ್ತೆ ಹೋದೆವು. ಅದೇ ಹುಡುಗಿ, ಅದೇ ಗಾಜು, ಅದೇ ಕಥೆ. ಮೂರು ವಾರ ದಿನವೂ ಕ್ರೀಮ್ ತಿಕ್ಕಿ, ಬಿಸಿನೀರಲ್ಲಿ ಪಾತ್ರೆ ತೊಳೆಯಬೇಡಿ, ಆಮೇಲೆ ಬನ್ನಿ ಎಂದು ಹೇಳಿ ಕಳಿಸಿದಳು. ಇವರು ಕಾರಿನಲ್ಲಿ, "ದೇವರಿಗೇ ಬೇಡ ಅನ್ಸುತ್ತೆ, ಬಿಡು," ಎಂದರು. ದೇವರಿಗೆ ಬೇಡದಿದ್ದರೂ ಮಿಸೆಸ್ ಥಿಬೋಗೆ ಬೇಕು ಎಂದೆ.

ನವೆಂಬರ್ 4, ಭಾನುವಾರ

ಹದಿನಾರು ದಿನ ಆಯಿತು. ಕೊನೆಯ ಮಗು ಹೋದ ಮೇಲೆ, ಐದೂವರೆಗೆ, ಅಡುಗೆಮನೆಯ ಮೇಜಿನ ಆಚೆ ಇವರು, ಈಚೆ ನಾನು. ಒಂದೊಂದು ಬೆರಳಿಗೂ ಕ್ರೀಮ್ ಹಚ್ಚಿ ತುದಿಯಿಂದ ಬುಡಕ್ಕೆ ನೀವುತ್ತೇನೆ. ಭಾನುವಾರವೂ ಬಿಟ್ಟಿಲ್ಲ. ಮೂವತ್ತೊಂದು ವರ್ಷದಲ್ಲಿ ಇವರ ಕೈಯನ್ನು ಇಷ್ಟು ಹೊತ್ತು ಹಿಡಿದುಕೊಂಡು ಕೂತದ್ದು ಯಾವಾಗ? ಮದುವೆಯ ದಿನವೂ ಇಲ್ಲ. ಎಡಗೈಯ ತೋರುಬೆರಳಲ್ಲಿ ಹಳೆಯ ಗಾಯದ ಕಲೆ, ಹೆಬ್ಬೆರಳಿನ ಉಗುರು ಸೊಟ್ಟ. ಇದೆಲ್ಲ ನನಗೆ ಗೊತ್ತಿತ್ತು, ಆದರೆ ನೋಡಿರಲಿಲ್ಲ.

ಇವತ್ತು ಬಲಗೈಯ ನಡುಬೆರಳಲ್ಲಿ ಸಣ್ಣಗೆ ಗೆರೆಗಳು ಎದ್ದಿದ್ದವು, ನೀರಿಗೆ ಕಲ್ಲು ಬಿದ್ದಾಗಿನ ಸುತ್ತುಗಳ ಹಾಗೆ. "ನೋಡ್ರೀ, ಬಂತು ಬಂತು!" ಎಂದು ಕೂಗಿಬಿಟ್ಟೆ.

ಇವರು ಬೆರಳನ್ನಲ್ಲ, ನನ್ನ ಮುಖವನ್ನು ನೋಡಿದರು. "ಒಡೀಲಿಯಾ," ಎಂದರು.

"ಏನು?"

"ಏನಿಲ್ಲ. ಕೈ ಮೆತ್ತಗಾಗಿದೆ."

ನವೆಂಬರ್ 13, ಮಂಗಳವಾರ

ಮೂರನೇ ಸಲ. ಹತ್ತಕ್ಕೆ ಹತ್ತೂ ಬಂತು. ಹುಡುಗಿ ಕೈಯೆತ್ತಿ ನನ್ನ ಅಂಗೈಗೆ ಅಂಗೈ ತಟ್ಟಿದಳು, ಆಟ ಗೆದ್ದ ಮಕ್ಕಳ ಹಾಗೆ. ಬರುವಾಗ ನಮ್ಮ ಪೋರ್ಚುಗೀಸರ ಬೇಕರಿಯಲ್ಲಿ ಸಿಹಿ ಬ್ರೆಡ್ ಕೊಂಡೆ. ಇವರು ತಿನ್ನಲಿಲ್ಲ. ಹಲ್ಲು ನೋವಂತೆ.

ಡಿಸೆಂಬರ್ 6, ಗುರುವಾರ

ಕಚೇರಿಯ ಕಾಗದ ಬಂತು. ಎರಡು ಕಾಗದ. ಒಂದು ಇವರ ಹೆಸರಿಗೆ, ದಪ್ಪನೆಯದು. ಒಂದು ನನ್ನ ಹೆಸರಿಗೆ, ಒಂದೇ ಹಾಳೆ. ನಿಮ್ಮ ಮನೆಯ ಸದಸ್ಯ ಎರ್ಮೀನಿಯೊ ಮೆಡೇರಸ್ ಸದ್ಯಕ್ಕೆ ಅರ್ಹರಲ್ಲ, ಮರುಪರಿಶೀಲನೆ ಮುಗಿಯುವ ತನಕ ಡೇಕೇರ್ ಇರುವ ಮನೆಯಲ್ಲಿ ವಾಸವಿರಕೂಡದು, ಎಂದು ಇದೆ. ಕಾರಣ ಬರೆದಿಲ್ಲ. ಕಾರಣ ಇವರ ಲಕೋಟೆಯಲ್ಲಿದೆ. ಅದನ್ನು ಒಡೆಯುವ ಹಕ್ಕು ನನಗಿಲ್ಲ.

ಯಾರದೋ ಬೆರಳು ಇವರದ್ದಕ್ಕೆ ಬೆರೆತುಹೋಗಿದೆ. ಯಂತ್ರ ತಾನೇ. ನಾಳೆ ಬೆಳಗ್ಗೆಯೇ ಫೋನ್ ಮಾಡಿ ಜನ್ಮ ಜಾಲಾಡಿಬಿಡುತ್ತೇನೆ.

ಇವರು ಲಕೋಟೆಯನ್ನು ಒಡೆಯದೆ ಮೇಜಿನ ಮೇಲಿಟ್ಟು ವಾಕಿಂಗ್ ಹೋಗಿದ್ದಾರೆ.

ಡಿಸೆಂಬರ್ 7, ಶುಕ್ರವಾರ

ಯಂತ್ರ ತಪ್ಪು ಮಾಡಿಲ್ಲ.

ಮಕ್ಕಳೆಲ್ಲ ಹೋದ ಮೇಲೆ ಅದೇ ಮೇಜಿಗೆ ಕೂರಿಸಿ ಕೇಳಿದೆ. ಅವನು ಲಕೋಟೆಯನ್ನು ಇನ್ನೂ ಒಡೆದಿರಲಿಲ್ಲ. ಒಳಗೇನಿದೆ ಎಂದು ಗೊತ್ತಿರುವವನು ಯಾಕೆ ಒಡೆಯುತ್ತಾನೆ?

1983. ಅವನಿಗೆ ಇಪ್ಪತ್ಮೂರು. ನ್ಯೂಜೆರ್ಸಿಯಲ್ಲಿ ಮೀನಿನ ಲಾರಿಯ ಕೆಲಸಕ್ಕೆ ಹೋಗಿದ್ದನಂತೆ. ಶನಿವಾರ ಮಧ್ಯಾಹ್ನ, ಜೊತೆ ಕೆಲಸ ಮಾಡುವವನ ಮನೆಯಲ್ಲಿ ಊಟ, ನಾಲ್ಕು ಬಿಯರ್. ವಾಪಸು ಗಾಡಿ ಓಡಿಸಿಕೊಂಡು ಬರುವಾಗ ರಸ್ತೆ ಬದಿ ನಿಲ್ಲಿಸಿದ್ದ ಎರಡು ಕಾರುಗಳ ನಡುವಿನಿಂದ ಒಂದು ಮಗು ಸೈಕಲ್ ಮೇಲೆ ಬಂತು.

"ನಿಧಾನಕ್ಕೇ ಹೋಗ್ತಿದ್ದೆ," ಎಂದ. "ಕುಡೀದೆ ಇದ್ದಿದ್ರೂ ಹಾಗೇ ಆಗ್ತಿತ್ತು ಅಂತ ವಕೀಲ ಹೇಳಿಕೊಟ್ಟ. ನನಗೇ ಗೊತ್ತಿಲ್ಲ. ಯಾವತ್ತೂ ಗೊತ್ತಾಗೋದಿಲ್ಲ."

"ಮಗು?"

"ಅಲ್ಲೇ ಹೋಯ್ತು. ಐದು ವರ್ಷ."

ಹದಿನಾಲ್ಕು ತಿಂಗಳು ಜೈಲು. ಇಲ್ಲಿ ಫಾಲ್ ರಿವರಿನಲ್ಲಿ ಅವನ ಅಮ್ಮ ಎಲ್ಲರಿಗೂ, ಮಗ ಅಲಾಸ್ಕಾದಲ್ಲಿ ಹಡಗು ಹತ್ತಿದ್ದಾನೆ ಎಂದು ಹೇಳಿದ್ದರಂತೆ. ನನಗೂ ಅದನ್ನೇ ಹೇಳಿದ್ದರು. ಮದುವೆಯ ಮಾತುಕತೆಯಲ್ಲಿ ಅಲಾಸ್ಕಾದ ಚಳಿಯ ಬಗ್ಗೆ ನಮ್ಮಪ್ಪ ಎಷ್ಟು ಪ್ರಶ್ನೆ ಕೇಳಿದ್ದರು, ಅವನು ಎಷ್ಟಕ್ಕೆ ಉತ್ತರ ಕೊಟ್ಟಿದ್ದ!

"ಕಣ್ಣು ಸಾಲದು ಅಂತಿದ್ದಿದ್ದು?"

"ಕಣ್ಣು ಚೆನ್ನಾಗೇ ಇದೆ."

"ಇಲ್ಡಾಗೆ ಗೊತ್ತಾ?"

"ಗೊತ್ತು."

"ಮೂವತ್ತೊಂದು ವರ್ಷ, ಎರ್ಮೀನಿಯೊ. ಒಂದು ದಿನ ಸಿಗಲಿಲ್ವಾ ನಿನಗೆ?"

"ಮೊದಲೇ ಹೇಳಿದ್ರೆ ನೀನು ಮದುವೆ ಆಗ್ತಿರ್ಲಿಲ್ಲ. ಆಮೇಲೆ ಹೇಳಿದ್ರೆ ಬಿಟ್ಟುಹೋಗ್ತಿದ್ದೆ. ಅದಾದ ಮೇಲೆ ಈ ಮನೆಗೆ ಮಕ್ಕಳು ಬರೋದು ಶುರುವಾಯ್ತು... ನೀನು ಕ್ರೀಮ್ ಹಚ್ಚೋವಾಗ ದಿನಾ ಬಾಯಿವರೆಗೂ ಬರ್ತಿತ್ತು. ನೀನು ಅಷ್ಟು ಖುಷಿಯಾಗಿದ್ದೆ. ಗೆರೆ ಬಂತು ಅಂತ ಕುಣಿದೆ."

ಎದ್ದು ಹೋಗಿ ಕೈ ತೊಳೆದುಕೊಂಡೆ. ಯಾಕೆಂದು ಗೊತ್ತಿಲ್ಲ. ಎರಡು ಸಲ ತೊಳೆದೆ.

ಡಿಸೆಂಬರ್ 9, ಭಾನುವಾರ

ಒಂದು ಸೂಟ್‌ಕೇಸು, ಒಂದು ಚೀಲ. ಇಲ್ಡಾಳ ಮನೆಗೆ ಹೋದ. ನಾನು ಕಾರಿನಲ್ಲಿ ಬಿಡಲಿಲ್ಲ. ಗುಡ್ಡ ಹತ್ತಿಕೊಂಡು ನಡೆದೇ ಹೋದ.

ಡಿಸೆಂಬರ್ 25

ಬಾಗಿಲ ಹೊರಗೆ ಇಲ್ಡಾ ಒಂದು ಪಾತ್ರೆ ಇಟ್ಟು ಹೋಗಿದ್ದಳು. ಉಪ್ಪುಮೀನು, ಆಲೂಗೆಡ್ಡೆ. ಬಿಸಿ ಮಾಡಲಿಲ್ಲ.

ಜನವರಿ 14, 2019, ಸೋಮವಾರ

ನನ್ನ ಹತ್ತಿರ ಬರುವ ಮಕ್ಕಳಲ್ಲಿ ತಿಯಾಗೊಗೆ ನಾಲ್ಕು ತುಂಬಿತು. ಇವತ್ತು ಊಟದ ಹೊತ್ತಿಗೆ ಚಮಚ ಕೆಳಗಿಟ್ಟು, "ತೀತಿ, ವೊವೋ ಸತ್ತುಹೋದ್ರಾ?" ಎಂದ. ಮಕ್ಕಳೆಲ್ಲ ನನ್ನನ್ನು ತೀತಿ, ಅತ್ತೆ ಎಂದು, ಎರ್ಮೀನಿಯೊನನ್ನು ವೊವೋ, ಅಜ್ಜ ಎಂದು ಕರೆಯುವುದು.

"ಇಲ್ಲಪ್ಪ. ಬೇರೆ ಮನೇಲಿದ್ದಾರೆ."

"ಯಾಕೆ? ತಪ್ಪು ಮಾಡಿದ್ರಾ?"

ಚಮಚವನ್ನು ಮತ್ತೆ ಅವನ ಕೈಗೆ ಕೊಟ್ಟೆ.

"ಮೂಲೇಲಿ ಕೂರಿಸಿದ್ದೀರಾ?"

"ಹ್ಞೂಂ."

"ಎಷ್ಟು ನಿಮಿಷ?"

ನನ್ನ ಮನೆಯ ನಿಯಮ ಅದು. ತಪ್ಪು ಮಾಡಿದವರು ಮೂಲೆಯ ಕುರ್ಚಿಯಲ್ಲಿ ಕೂರಬೇಕು, ಎಷ್ಟು ವಯಸ್ಸೋ ಅಷ್ಟು ನಿಮಿಷ. ಆಮೇಲೆ ಎದ್ದು ಬಂದು ಅಪ್ಪಿಕೊಂಡರೆ ಮುಗಿಯಿತು, ಮತ್ತೆ ಆ ಮಾತು ಎತ್ತುವ ಹಾಗಿಲ್ಲ. ಹಾಲು ತರುತ್ತೇನೆ ಎಂದು ಹೇಳಿ ಒಳಗೆ ಹೋದೆ.

ಸಂಜೆ ತಿಯಾಗೊನ ತಾಯಿ ಕ್ರಿಸ್ಟಲ್ ಬಾಗಿಲಲ್ಲೇ ಹಿಡಿದಳು. ಕಚೇರಿಯವರು ಎಲ್ಲ ಪೋಷಕರಿಗೂ ತಿಳಿಸಲೇಬೇಕು ಎಂದಿದ್ದರಿಂದ ನಾನೇ ಒಬ್ಬೊಬ್ಬರಿಗೂ ವಿಷಯ ಹೇಳಿದ್ದೆ. ಕ್ರಿಸ್ಟಲ್ ಹೇಳಿದಳು, "ಒಡೀಲಿಯಾ, ನನಗೆ ನಿದ್ದೆ ಬರಲಿಲ್ಲ. ಆ ಮಗುವಿನ ತಾಯಿನ ನೆನೆಸ್ಕೊಂಡೆ. ಆಮೇಲೆ ನನ್ನ ಮಗ ಯಾರ ತೊಡೆ ಮೇಲೆ ಕೂತು ಮಾತು ಕಲಿತ ಅಂತಾನೂ ನೆನೆಸ್ಕೊಂಡೆ. ಮರುಪರಿಶೀಲನೆಗೆ ಕಾಗದ ಬೇಕು ಅಂದ್ರೆ ನಾನು ಬರೀತೀನಿ."

ಹಾಗೆಯೇ ಆಗಲಿ ಎಂದೆ. ಎಲ್ಲರೂ ಬರೆಯುತ್ತಾರಂತೆ. ಬರೆದುಕೊಳ್ಳಲಿ. ಅವರು ಅವನನ್ನು ಮದುವೆಯಾಗಿಲ್ಲ.

ಜನವರಿ 26, ಶನಿವಾರ

ಏನೋ ಹುಡುಕಲು ಹೋಗಿ ಬೀರುವಿನ ಕೆಳಗಿನ ಖಾನೆ ತೆಗೆದೆ. ದತ್ತು ಸಂಸ್ಥೆಯ ಹಳೆಯ ಕವರು ಸಿಕ್ಕಿತು. ಮರೀಸಾಳ ಫೋಟೊ ಇನ್ನೂ ಅದರಲ್ಲೇ ಇದೆ.

1996ರ ಮಾತು. ಐದು ವರ್ಷ ಡಾಕ್ಟರು, ಹರಕೆ, ಎಲ್ಲ ಮುಗಿದ ಮೇಲೆ ನಾನೇ ದತ್ತಿನ ಮಾತೆತ್ತಿದ್ದೆ. ಅವನು ಹ್ಞೂಂ ಎಂದಿದ್ದ. ಎರಡು ಸಲ ಸಂಸ್ಥೆಗೆ ಬಂದಿದ್ದ. ಫೋಟೊದಲ್ಲಿ ಎರಡು ವರ್ಷದ ಹುಡುಗಿ, ಕೆಂಪು ಬೂಟು, ಒಂದು ಕಾಲಿನದು ಬಿಚ್ಚಿಹೋಗಿದೆ, ಅದನ್ನು ಕೈಯಲ್ಲಿ ಹಿಡಿದು ನಗುತ್ತಿದ್ದಾಳೆ. ಅವಳ ಕೋಣೆಗೆಂದು ನಾನು ಹಳದಿ ಬಣ್ಣ ತಂದಿಟ್ಟಿದ್ದೆ. ಮೂರನೇ ಸಲ, ಅರ್ಜಿ ಕೊಡುವ ದಿನ, ಸಂಸ್ಥೆಯ ಮುಂದೆ ಕಾರು ನಿಲ್ಲಿಸಿದರೆ ಅವನು ಇಳಿಯಲೇ ಇಲ್ಲ. "ಬೇರೆಯವರ ಮಗೂನ ನನ್ನ ಕೈಲಿ ಪ್ರೀತ್ಸೋಕೆ ಆಗಲ್ಲ ಒಡೀಲಿಯಾ," ಎಂದ. ನಾನು ಅತ್ತು, ಕಾರು ತಿರುಗಿಸಿಕೊಂಡು ಬಂದೆ. ನಂಬಿದೆ. ಆಮೇಲೆ ಹತ್ತೊಂಬತ್ತು ವರ್ಷ, ಬೇರೆಯವರ ನಲವತ್ತು ಐವತ್ತು ಮಕ್ಕಳಿಗೆ ಅವನು ಬೂಟು ಹಾಕಿದ್ದನ್ನು, ಮೂಗು ಒರೆಸಿದ್ದನ್ನು, ಜ್ವರ ಬಂದಾಗ ಹೆಗಲ ಮೇಲೆ ಹಾಕಿಕೊಂಡು ಓಡಾಡಿದ್ದನ್ನು ಕಣ್ಣಾರೆ ನೋಡಿದೆ. ನೋಡಿಯೂ ಕೇಳಲಿಲ್ಲ. ಮನುಷ್ಯ ಬದಲಾದ ಅಂದುಕೊಂಡೆ. ನಾನು ಬದಲಾಯಿಸಿದೆ ಅಂದುಕೊಂಡೆ, ಪೆದ್ದಿ.

ಕವರಿನಲ್ಲಿ ಅರ್ಜಿಯ ಜೊತೆ ಕೊಡಬೇಕಾದವುಗಳ ಪಟ್ಟಿ ಇತ್ತು. ಮದುವೆಯ ಪತ್ರ. ವೈದ್ಯರ ಪತ್ರ. ಮೂರನೆಯದು: ದಂಪತಿಗಳಿಬ್ಬರ ಬೆರಳಚ್ಚು.

ಕೋಟು ಕೂಡ ಹಾಕಿಕೊಳ್ಳದೆ ಗುಡ್ಡ ಹತ್ತಿದೆ. ಅವನು ಇಲ್ಡಾಳ ಮೆಟ್ಟಿಲ ಮೇಲೆ ಮಂಜು ಗುಡಿಸುತ್ತಿದ್ದ. ಪಟ್ಟಿಯನ್ನು ಮುಖದ ಮುಂದೆ ಹಿಡಿದೆ.

"ಇದಕ್ಕಾ?"

ಓದಿದ. ಪೊರಕೆಯನ್ನು ಗೋಡೆಗೆ ಒರಗಿಸಿದ.

"ಹೌದು."

"ನಿನ್ನ ಬೆರಳು ಉಳಿಸ್ಕೊಳ್ಳೋದಕ್ಕೆ ನನ್ನ ಮಗೂನ ಬಿಟ್ಟುಕೊಟ್ಟೆಯಾ?"

"ಹೌದು," ಎಂದ ಮತ್ತೆ. ಸುಳ್ಳಾದರೂ ಹೇಳಬಾರದಿತ್ತೇ? ಇಷ್ಟು ವರ್ಷ ಹೇಳಿದವನು.

ಅವಳಿಗೀಗ ಇಪ್ಪತ್ತೈದು ಆಗಿರುತ್ತದೆ.

ಫೆಬ್ರವರಿ 10, ಭಾನುವಾರ

ಮರುಪರಿಶೀಲನೆಯ ಅರ್ಜಿ ಸಿದ್ಧ ಮಾಡಿದೆ. ಆರು ಮನೆಯವರ ಕಾಗದ ಬಂದಿದೆ. ಕ್ರಿಸ್ಟಲ್‌ಳದು ಎರಡು ಪುಟ. ಅವನ ಕೈಬರಹದಲ್ಲಿ ಅವನ ಹೇಳಿಕೆ, ಅರ್ಧ ಪುಟ. ಕೊನೆಯದು ಮನೆಯೊಡತಿಯಾಗಿ ನಾನು ತುಂಬಬೇಕಾದ ಹಾಳೆ. ಮಕ್ಕಳ ಜೊತೆ ಇವರ ನಡವಳಿಕೆ ಹೇಗೆ? ಒಳ್ಳೆಯದು, ಎಂದು ಬರೆದೆ. ಎಂದಾದರೂ ಮಕ್ಕಳ ಮೇಲೆ ಕೈ ಮಾಡಿದ್ದಾರೆಯೇ? ಇಲ್ಲ. ಕುಡಿತ? 1983ರ ಮೇಲೆ ಇಲ್ಲ, ನನಗೆ ತಿಳಿದಂತೆ.

ಕೆಳಗೆ ಒಂದು ಖಾಲಿ ಚೌಕ. ಕಚೇರಿಗೆ ತಿಳಿದಿರಬೇಕಾದ ಬೇರೆ ಸಂಗತಿಯಿದ್ದರೆ ಬರೆಯಿರಿ.

ಇದ್ದದ್ದನ್ನು ಬರೆದೆ. ಮೂವತ್ತೊಂದು ವರ್ಷ ಹೆಂಡತಿಯಿಂದ ಮುಚ್ಚಿಟ್ಟಿದ್ದಾರೆ, ಬೆರಳಚ್ಚು ತಪ್ಪಿಸಿಕೊಳ್ಳಲು 1996ರಲ್ಲಿ ದತ್ತನ್ನು ಸುಳ್ಳು ಹೇಳಿ ನಿಲ್ಲಿಸಿದ್ದಾರೆ, ಎಂದು. ಚೌಕ ಸಾಲದೆ ಅಂಚಿನಲ್ಲೂ ಬರೆದೆ. ಒಂದಕ್ಷರ ಸುಳ್ಳಿಲ್ಲ. ಸುಳ್ಳು ಹೇಳುವ ಮನೆಯೆಂದು ಯಾರೂ ಇನ್ನು ಹೇಳಬಾರದು.

ಸೋಮವಾರದವರೆಗೆ ಕಾಯಲಿಲ್ಲ. ಮನೆಯೊಳಗಿನ ಚಪ್ಪಲಿಯಲ್ಲೇ ಹೋಗಿ ಮೂಲೆಯ ಅಂಚೆಡಬ್ಬಿಗೆ ಹಾಕಿ ಬಂದೆ.

ಏಪ್ರಿಲ್ 17, ಬುಧವಾರ

ತಿರಸ್ಕಾರವಾಗಿದೆ. ಅಪರಾಧ ಬಹಳ ಹಳೆಯದು, ಪೋಷಕರ ಕಾಗದಗಳನ್ನು ಗಮನಿಸಲಾಗಿದೆ, ಆದರೆ ಮನೆಯ ಸದಸ್ಯರೇ ತಿಳಿಸಿರುವಂತೆ ಅರ್ಜಿದಾರರು ದೀರ್ಘಕಾಲ ಸತ್ಯ ಮರೆಮಾಚಿದ್ದು, ಹಿಂದೊಮ್ಮೆ ಇಂಥದೇ ತಪಾಸಣೆಯನ್ನು ಉದ್ದೇಶಪೂರ್ವಕವಾಗಿ ತಪ್ಪಿಸಿಕೊಂಡದ್ದು... ಹೀಗೆ. ತೀರ್ಮಾನವೇ ಕೊನೆ. ಮತ್ತೆ ಅರ್ಜಿ ಹಾಕಲು ಬರುವುದಿಲ್ಲ.

ನನ್ನಿಂದಲೇ ಆಯಿತು ಎಂದೇನೂ ಇಲ್ಲ. ಅವರು ಹೇಗಿದ್ದರೂ ಬೇಡ ಎನ್ನುತ್ತಿದ್ದರು. ಮಗು ಸತ್ತ ಕೇಸು ತಾನೇ.

ಒಲೆಯನ್ನು ಬಿಚ್ಚಿ ತೊಳೆದೆ. ಕಿಟಕಿಗಳನ್ನು ಒರೆಸಿದೆ. ಹಿಂದಿನ ಬಾಗಿಲ ಹತ್ತಿರ ಅವನ ರಬ್ಬರ್ ಬೂಟು ಇತ್ತು, ಅದನ್ನೂ ತೊಳೆದೆ.

ಏಪ್ರಿಲ್ 21, ಈಸ್ಟರ್

ಆ ಕಾಗದವನ್ನು ಕೈಯಾರೆ ಕೊಡಬೇಕು ಎನ್ನಿಸಿತು. ಚರ್ಚಿನಲ್ಲಿ ಪೂಜೆ ಮುಗಿಸಿ ಇಲ್ಡಾಳ ಮನೆಗೆ ಹೋದೆ. ಇಲ್ಡಾಳೇ ಮೊದಲು ಓದಿದಳು, ಕನ್ನಡಕ ಮೂಗಿನ ತುದಿಗಿಟ್ಟು. ಓದಿ ಮುಗಿಸಿ ನನ್ನ ಕಡೆ ತಿರುಗಿದಳು.

"ಊರವರೆಲ್ಲ ಅವನನ್ನ ಎತ್ತೋಕೆ ಕೈ ಚಾಚಿದ್ರು. ಮನೆ ಹೆಂಗಸು ನೀನು ಕಾಲು ಅಡ್ಡ ಕೊಟ್ಟೆಯಾ?"

"ನೀನು ಮಾತಾಡಬೇಡ. ನನ್ನ ಮದುವೇಲಿ ನನ್ನ ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಕಿವೀಲಿ ಹೇಳೋಕೆ ಆಗಲಿಲ್ವಾ ನಿನಗೆ?"

"ನನ್ನ ತಮ್ಮ ಕಣೇ ಅವನು!"

"ನನಗೆ ಏನಾಗಿದ್ದ?"

ಅವನು ನಡುವೆ ಬಂದ. "ಬಿಡು ಇಲ್ಡಾ. ಅವಳು ಇದ್ದದ್ದು ಬರೆದಿದ್ದಾಳೆ. ನಾನು ಅದನ್ನ ಮೂವತ್ತೊಂದು ವರ್ಷ ಬರೀಲಿಲ್ಲ." ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ತೆಳ್ಳಗಾಗಿದ್ದಾನೆ. ಅಂಗಿಯ ಕಾಲರಿನಲ್ಲಿ ಎರಡು ಬೆರಳು ಹೋಗುವಷ್ಟು ಜಾಗ. "ಊಟ ಮಾಡ್ಕೊಂಡು ಹೋಗು, ಒಡೀಲಿಯಾ. ಕುರಿಮಾಂಸ ಮಾಡಿದ್ದಾಳೆ."

ಬೈದಿದ್ದರೆ ಆಗುತ್ತಿತ್ತು. ಒಂದು ಮಾತು ಬೈಯಬಹುದಿತ್ತು.

ಊಟ ಮಾಡಲಿಲ್ಲ.

ಮೇ 20, ಸೋಮವಾರ

ಬ್ರಿಯೆಲ್‌ಗೆ ಜ್ವರ. ಅವಳಮ್ಮ ಬರುವ ತನಕ ಹೆಗಲ ಮೇಲೆ ಹಾಕಿಕೊಂಡು ಓಡಾಡಿದೆ. ಮಗು ಅಳು ನಿಲ್ಲಿಸಲೊಲ್ಲದು. "ವೊವೋ ಹಾಗೆ ನಡಿ, ವೊವೋ ಹಾಗೆ," ಎಂದು ಅಳುತ್ತದೆ. ಅವರು ಹೇಗೆ ನಡೆಯುತ್ತಿದ್ದರು? ಬಾಗಿಲಿಂದ ಕಿಟಕಿಗೆ, ಕಿಟಕಿಯ ಹತ್ತಿರ ಒಂದು ಸಲ ಸುತ್ತು ತಿರುಗಿ ವಾಪಸು. ಹಾಗೇ ನಡೆದೆ. ಮಗು ಮಲಗಿತು. ನಾನು ಮತ್ತೂ ನಡೆಯುತ್ತಲೇ ಇದ್ದೆ.

ಜೂನ್ 15, ಶನಿವಾರ

ತೀರ್ಮಾನ ಮಾಡಿಬಿಟ್ಟೆ ಎಂದುಕೊಂಡು ಹೋಗಿದ್ದೆ. ಡೇಕೇರ್ ಮುಚ್ಚುತ್ತೇನೆ. ಆಗಸ್ಟ್ ಮುಗಿದರೆ ತಿಯಾಗೊ ಶಾಲೆಗೆ ಹೋಗುತ್ತಾನೆ, ಉಳಿದವರಿಗೆ ಬೇರೆ ಜಾಗ ಹುಡುಕಿಕೊಡಬಹುದು. ಲೈಸೆನ್ಸ್ ವಾಪಸು ಕೊಟ್ಟರೆ ಅದು ಬರೀ ಮನೆ. ಬರೀ ಮನೆಯಲ್ಲಿ ಯಾರು ಬೇಕಾದರೂ ಇರಬಹುದು. ಅವರು ಇಲ್ಡಾಳ ಹಿತ್ತಲಲ್ಲಿ ಟೊಮೆಟೊ ಗಿಡಗಳಿಗೆ ಕೋಲು ಕಟ್ಟುತ್ತಿದ್ದರು. ಬೇಲಿಯ ಈಚೆ ನಿಂತೇ ಹೇಳಿದೆ.

ಕಟ್ಟುತ್ತಿದ್ದ ದಾರವನ್ನು ಪೂರ್ತಿ ಗಂಟು ಹಾಕಿದ ಮೇಲೆ ತಿರುಗಿದರು.

"ಬೇಡ."

"ಯಾಕೆ ಬೇಡ? ನನ್ನ ಮೇಲೆ ಕೋಪಾನಾ? ಆ ಚೌಕದಲ್ಲಿ ನಾನು..."

"ಅದಕ್ಕಲ್ಲ ಮಾರಾಯ್ತಿ. ಒಂದು ಮಗೂನ ನಿನ್ನಿಂದ ಆಗಲೇ ಕಿತ್ಕೊಂಡೆ. ಈಗ ಆರು ಮಕ್ಕಳನ್ನ ಕಿತ್ಕೊಂಡು ಬಂದು ನಿನ್ನ ಮನೇಲಿ ಕೂರಲಾ? ಬೆಳಗ್ಗೆ ಏಳು ಗಂಟೆಗೆ ಆ ಬಾಗಿಲು ಬಡಿಯೋ ಶಬ್ದ ಇಲ್ಲದೆ ನೀನು ಎಷ್ಟು ದಿನ ಇರ್ತೀಯ? ಎಷ್ಟು ದಿನ ಆದ್ಮೇಲೆ ನನ್ನ ಮುಖ ನೋಡಿದಾಗೆಲ್ಲ ಅದೇ ಕಾಣುತ್ತೆ?"

"ಹಾಗಾದ್ರೆ ಹೀಗೇ ಇರೋಣ್ವಾ? ನೀವಿಲ್ಲಿ, ನಾನಲ್ಲಿ? ಸಾಯೋವರೆಗೂ?"

ಕಣ್ಣು ಒರೆಸಿಕೊಂಡರು, ಮಣ್ಣು ಕೈಯಲ್ಲೇ. ಕೆನ್ನೆಗೆ ಕೆಸರಾಯಿತು. ಬೇಲಿಯ ಮೇಲಿಂದ ಕೈ ಚಾಚಿ ನನ್ನ ತೋಳಿನ ಬಟ್ಟೆಯಿಂದ ಅದನ್ನು ಒರೆಸಿದೆ. ಬೇಲಿ ಹೊಟ್ಟೆಗೆ ಒತ್ತುತ್ತಿತ್ತು. ಮೂವತ್ತೊಂದು ವರ್ಷದ ಸುಳ್ಳಿಗೆ ಈ ಮನುಷ್ಯನನ್ನು ಕ್ಷಮಿಸಿದ್ದೇನೆ ಎಂದು ಇದರಿಂದ ಯಾರೂ ತಿಳಿಯಬಾರದು. ಕ್ಷಮಿಸಿಲ್ಲ.

ಆಗಸ್ಟ್ 30, ಶುಕ್ರವಾರ

ತಿಯಾಗೊನ ಕೊನೆಯ ದಿನ. ಕೇಕು, ಟೋಪಿ, ಅಳು. ಕ್ರಿಸ್ಟಲ್ ಅವನನ್ನು ನೇರ ಗುಡ್ಡದ ಮೇಲೆ ಕರೆದುಕೊಂಡು ಹೋದಳಂತೆ, ವೊವೋಗೆ ಹೇಳಿ ಬರಲು. ಬೀದಿಯಲ್ಲಿ, ಮರದ ಕೆಳಗೆ, ಕಾನೂನಿಗೆ ಏನೂ ಅಡ್ಡಿಯಿಲ್ಲ. ಹೋಗಿ ನೋಡಿದರೆ ಇವರು ಕೈಗಳನ್ನು ಜೇಬಿನಲ್ಲೇ ಇಟ್ಟುಕೊಂಡು ನಿಂತಿದ್ದರಂತೆ. ಮಗುವೇ ಬಂದು ಕಾಲು ತಬ್ಬಿಕೊಂಡಿತಂತೆ. ಆಮೇಲೂ ಇವರು ಜೇಬಿನಿಂದ ಕೈ ತೆಗೆಯಲು ಬಹಳ ಹೊತ್ತು ಹಿಡಿಯಿತು ಎಂದು ಇಲ್ಡಾ ಹೇಳಿದಳು. ಅವಳಿಗೂ ನನಗೂ ಈಗ ಮಾತಿದೆ, ಉಪ್ಪು ಖಾರದ ಮಾತಾದರೂ.

ಐದೂವರೆಗೆ ಬಾಗಿಲು ಹಾಕಿ, ದಿನದ ಹಾಗೆ ಸೂಪಿನ ಪಾತ್ರೆಗೆ ಟವೆಲ್ ಸುತ್ತಿಕೊಂಡು ಇಲ್ಡಾಳ ಮನೆಗೆ ಹೊರಟೆ. ದಾರಿಯಲ್ಲಿ ಮೊಣಕಾಲು ಹಿಡಿದುಕೊಂಡಿತು, ಅಲ್ಲಿಗೆ ಹೋಗುವಷ್ಟರಲ್ಲಿ ಸೂಪು ಆರಿತ್ತು. ಇವರು ಬಿಸಿ ಮಾಡಿದರು. ಯಾರು ಏನು ತಿಂದರು, ಯಾರು ಯಾರನ್ನು ಕಚ್ಚಿದರು, ಎಲ್ಲ ಹೇಳಿದೆ. ದಿನವೂ ಹೇಳಬೇಕು. ಹೇಳದಿದ್ದರೆ ಚಮಚ ಎತ್ತುವುದಿಲ್ಲ.

ನವೆಂಬರ್ 2, ಶನಿವಾರ

ಇವತ್ತು ಸತ್ತವರ ಹಬ್ಬ. ಚರ್ಚಿನಲ್ಲಿ ಹೆಸರು ಓದುತ್ತಾರೆ. ಪ್ರತಿ ಮನೆಯವರೂ ಮೊದಲೇ ಚೀಟಿ ಕೊಟ್ಟಿರಬೇಕು, ಹೆಸರು ಬಂದಾಗ ಎದ್ದು ಹೋಗಿ ಮೇಣದಬತ್ತಿ ಹಚ್ಚಬೇಕು.

ಹೋದ ವಾರ ಇಲ್ಡಾಳ ಮೇಜಿನ ಮೇಲೆ ಚೀಟಿ ಬರೆಯುತ್ತಾ ಕೂತಿದ್ದೆ. ನಮ್ಮಪ್ಪ, ನಮ್ಮಮ್ಮ, ಇವರ ಅಪ್ಪ, ಅಮ್ಮ, ಇಲ್ಡಾಳ ಗಂಡ. ಪ್ರತಿ ವರ್ಷದ ಅದೇ ಐದು ಹೆಸರು. ಕೆಳಗೆ ಇನ್ನೂ ಒಂದು ಗೆರೆ ಖಾಲಿ ಇತ್ತು. ಇವರು ಎದುರಿಗೆ ಕೂತು ಬಟಾಣಿ ಬಿಡಿಸುತ್ತಿದ್ದರು.

"ಆ ಮಗುವಿನ ಹೆಸರೇನು?" ಎಂದೆ.

ವರ್ಷವಾಗುತ್ತ ಬಂದಿತ್ತು. ದಪ್ಪ ಲಕೋಟೆ, ಅರ್ಜಿ, ಆರು ಕಾಗದ, ತಿರಸ್ಕಾರ, ನನ್ನ ಮರೀಸಾ, ನನ್ನ ಕೆಂಪು ಬೂಟು, ನನ್ನ ಹಳದಿ ಬಣ್ಣ. ಅದೊಂದನ್ನು ಮಾತ್ರ ಕೇಳಿರಲಿಲ್ಲ.

ಇವರು ಬಟಾಣಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. ಇಲ್ಡಾ ಒಲೆ ಆರಿಸಿ ಸುಮ್ಮನೆ ಹೊರಗೆ ಹೋದಳು. ಕೊನೆಗೆ ಹೇಳಿದರು. ಕೋರ್ಟಿನಲ್ಲಿ ಕೇಳಿಸಿಕೊಂಡ ಹೆಸರು, ಮೂವತ್ತಾರು ವರ್ಷದಲ್ಲಿ ಬಾಯಿಬಿಟ್ಟು ಹೇಳಿದ್ದು ಇದೇ ಮೊದಲಂತೆ. ಅಕ್ಷರ ಅಕ್ಷರ ಕೇಳಿ ಬರೆದುಕೊಂಡೆ.

ಇವತ್ತು ಪಾದ್ರಿಗಳು ಓದುತ್ತಾ ಬಂದರು. ಮೆಡೇರಸ್, ಮೆಡೇರಸ್, ಇಲ್ಡಾಳ ಗಂಡ ಪಶೆಕು. ಆಮೇಲೆ ಒಂದು ಕ್ಷಣ ನಿಲ್ಲಿಸಿ, ನಮ್ಮ ಪೋರ್ಚುಗೀಸ್ ಹೆಸರುಗಳ ನಡುವೆ ಇದೆಲ್ಲಿಂದ ಬಂತು ಎಂಬಂತೆ ಕನ್ನಡಕ ಸರಿಮಾಡಿಕೊಂಡು, "ಡೇನಾ ಮರೀ ಕೊವಾಲಿಕ್," ಎಂದರು.

ಯಾರೂ ಏಳಲಿಲ್ಲ. ಇವರು ಮುಂದಿನ ಬೆಂಚನ್ನು ಹಿಡಿದುಕೊಂಡು ಕೂತಿದ್ದರು. ನಾನು ಎದ್ದು ಮೊಣಕೈ ಹಿಡಿದೆ. ಇಬ್ಬರೂ ಹೋದೆವು. ಇವರ ಕೈಯಲ್ಲಿ ಕಡ್ಡಿ ಎರಡು ಸಲ ಆರಿತು. ಮೂರನೆಯದನ್ನು ಇಬ್ಬರೂ ಹಿಡಿದೆವು.

ಹೊರಗೆ ಮೆಟ್ಟಿಲ ಮೇಲೆ ಬೇಕರಿ ನಡೆಸುವ ಹೆಂಗಸು ಹತ್ತಿರ ಬಂದಳು, ಮೂಗು ತೂರಿಸದೆ ಅವಳಿಗೆ ಆಗದು. "ಯಾರದು ಒಡೀಲಿಯಾ, ಆ ಹೆಸರು? ನಿಮ್ಮ ಕಡೆಯವರಾ?"

"ಹೌದು," ಎಂದೆ. "ನಮ್ಮವಳು."

ಇವರು ಕಾರಿನಲ್ಲಿ ಕೂತು ಇಡೀ ದಾರಿ ಅತ್ತರು, ಶಬ್ದ ಮಾಡಿ, ಮಕ್ಕಳ ಹಾಗೆ. ನಾನು ನಿಧಾನವಾಗಿ ಓಡಿಸಿದೆ. ಇಲ್ಡಾಳ ಮನೆಯಲ್ಲಿ ಸೂಪು ಬಿಸಿ ಮಾಡಿ ಕೊಟ್ಟೆ, ಅರ್ಧ ಬಟ್ಟಲು ಕುಡಿದರು. ಸಂಜೆಯಾಗುತ್ತಲೇ ನಾನು ಹೊರಟೆ. ಆ ಕಡೆ ನಮ್ಮ ಮನೆ ತಣ್ಣಗಿರುತ್ತದೆ, ಹೋಗಿ ಹೀಟರ್ ಹಾಕಬೇಕು, ಸೋಮವಾರಕ್ಕೆ ಹಾಸಿಗೆಗಳ ಬಟ್ಟೆ ಒಗೆಯಬೇಕು.

ಇವರು ಬಾಗಿಲವರೆಗೆ ಬಂದು, "ಆ ಹೊಸ ಮಗು ಹೇಗಿದೆ?" ಎಂದು ಕೇಳಿದರು. ಹೋದ ಸೋಮವಾರ ಸೇರಿದ ಎಂಟು ತಿಂಗಳ ಕೂಸು. ಇವರು ಅದನ್ನು ನೋಡಿಲ್ಲ.

"ಎರಡು ಹಲ್ಲು ಬಂದಿದೆ," ಎಂದೆ.

"ಮೇಲಾ, ಕೆಳಗಾ?"

"ಕೆಳಗೆ."